ಎಎಂಆರ್ ಮೇಲಿನ ರ್ಯಾಕ್ ತೂಗಾಡುತ್ತಿದೆ, ದಪ್ಪ ಪ್ರೊಫೈಲ್ ಹಾಕಲೇ?

100 ಕೆಜಿ ಹೊರುವ ಎಎಂಆರ್ (ತಾನೇ ದಾರಿ ಹುಡುಕಿ ಓಡುವ ಸಾಮಾನು ಸಾಗಿಸುವ ರೋಬೋಟ್) ಮೇಲೆ ಐದು ಅಡಿಯ ಅಲ್ಯುಮಿನಿಯಂ ರ್ಯಾಕ್ ಕೂರಿಸಿದ್ದೀರಿ. ರೋಬೋಟ್ ತಟ್ಟನೆ ನಿಂತರೆ ಅದು ತೂಗಾಡುತ್ತದೆ, ದಪ್ಪ ಪ್ರೊಫೈಲ್ (ಚೌಕಟ್ಟಿನ ಅಲ್ಯುಮಿನಿಯಂ ಕಂಬ) ಹಾಕಲೇ ಎಂದು ಕೇಳಿದ್ದೀರಿ.

ಈಗಲೇ ಬೇಡ. ತೂಗಾಟಕ್ಕೆ ಹಿಂಬದಿಗೆ ಒಂದು ತೆಳು ಶೀಟ್, ಇಲ್ಲವೇ ಅಡ್ಡ ಓರೆಪಟ್ಟಿ ಹಾಕಿ ನೋಡಿ. ಚೌಕಟ್ಟು ಓರೆಯಾಗುವುದನ್ನು ಅದೇ ತಡೆಯುತ್ತದೆ. ದಪ್ಪ ಪ್ರೊಫೈಲ್ ಹಾಕಿದರೆ ಮೇಲ್ಗಡೆ ತೂಕ ಸುಮ್ನೆ ಏರುತ್ತದೆ. ಆ 100 ಕೆಜಿಯಲ್ಲಿ ರ್ಯಾಕಿನ ತೂಕವೂ ಸೇರಿದೆ, ಅಲ್ವಾ? ರ್ಯಾಕ್ 38 ಕೆಜಿ ಇದ್ದರೆ ಸಾಮಾನಿಗೆ ಉಳಿಯುವುದು 62.

ನನಗೆ ತೂಗಾಟಕ್ಕಿಂತ ಜಾಸ್ತಿ ಭಯ ಮಗುಚುವುದರದ್ದು. ಲೆಕ್ಕ ಸುಲಭ. ರೋಬೋಟ್, ರ್ಯಾಕ್, ಸಾಮಾನು ಎಲ್ಲ ಸೇರಿದ ಸಿಜಿ (ಗುರುತ್ವ ಕೇಂದ್ರ) ನೆಲದಿಂದ 900 ಮಿಮೀ ಎತ್ತರದಲ್ಲಿದೆ, ಮುಂದಿನ ಕ್ಯಾಸ್ಟರ್ (ಎಲ್ಲ ದಿಕ್ಕಿಗೂ ತಿರುಗುವ ಸಣ್ಣ ಚಕ್ರ) ಅದರಿಂದ 250 ಮಿಮೀ ಮುಂದಿದೆ ಎಂದುಕೊಳ್ಳಿ. 9.81 ಅನ್ನು 250ರಿಂದ ಗುಣಿಸಿ 900ರಿಂದ ಭಾಗಿಸಿದರೆ ಸುಮಾರು 2.7. ಬ್ರೇಕ್ ಹಿಡಿತ ಸೆಕೆಂಡ್ ವರ್ಗಕ್ಕೆ 2.7 ಮೀಟರ್ ದಾಟಿದರೆ ಹಿಂದಿನ ಚಕ್ರ ಏಳುತ್ತದೆ. ಸೆಕೆಂಡಿಗೆ 1.5 ಮೀಟರ್ ವೇಗದಲ್ಲಿ ಬಂದು ಅರ್ಧ ಮೀಟರಲ್ಲಿ ನಿಂತರೆ ಆ ಹಿಡಿತ 2.25 (ವೇಗದ ವರ್ಗವನ್ನು ದೂರದ ಎರಡರಷ್ಟರಿಂದ ಭಾಗಿಸಿ). ಅದೇ 40 ಸೆಂಟಿಮೀಟರಲ್ಲಿ ನಿಂತರೆ 2.8, ಆಗ ಕಥೆ ಮುಗಿಯಿತು. ಇನ್ನೊಂದು ವಿಷಯ ಡ್ರಾಯಿಂಗಿನಲ್ಲಿ ಕಾಣುವುದಿಲ್ಲ. ಮುಂದಕ್ಕೆ ಓಡುವಾಗ ಕ್ಯಾಸ್ಟರ್ ಚಕ್ರ ತನ್ನ ಪಿವೋಟಿಗಿಂತ ಹಿಂದೆ ತಿರುಗಿರುತ್ತದೆ. ನೀವು ಪಿವೋಟಿನವರೆಗೆ ಅಳೆದಿದ್ದರೆ 250 ಅಲ್ಲ, 220 ಹಿಡಿಯಿರಿ. ಆಗ ಮಿತಿ 2.4ಕ್ಕೆ ಇಳಿಯುತ್ತದೆ. ಹಾಗಾಗಿ ಭಾರದ ಟ್ರೇಗಳನ್ನು ಕೆಳಗಿನ ಹಂತಕ್ಕೇ ತನ್ನಿ. ಲೋಡ್ ಇದ್ದಾಗ ವೇಗವನ್ನೂ ತಗ್ಗಿಸಿ.

ಸೇಫ್ಟಿ ಸ್ಕ್ಯಾನರ್ ನೋಡುವುದು ನೆಲದ ಹತ್ತಿರದ ಒಂದೇ ಒಂದು ಸಮತಲವನ್ನು. ರ್ಯಾಕ್ ಬೇಸಿಗಿಂತ ಹೊರಚಾಚಿದ್ದರೆ ಆ ಮೂಲೆ ಯಾರ ಸೊಂಟಕ್ಕೋ ಬಡಿಯುತ್ತದೆ. ರ್ಯಾಕಿನ ಕಾಲುಗಳು ಸ್ಕ್ಯಾನರಿಗೆ ಅಡ್ಡ ಬರುತ್ತವೆ ಎಂದು ಆ ಭಾಗವನ್ನು ಸಾಫ್ಟ್‌ವೇರಿನಲ್ಲಿ ಕತ್ತರಿಸಬೇಡಿ, ಕಾಲನ್ನೇ ಸರಿಸಿ. ಎಮರ್ಜೆನ್ಸಿ ಸ್ಟಾಪ್ ಬಟನ್ ಕೈಗೆ ಸಿಗಲೇಬೇಕು.

ಈಗ ರಿಪೇರಿಯ ಮಾತು. ಇದನ್ನು ನಾನು ಕೆಟ್ಟ ಅನುಭವದಿಂದ ಕಲಿತೆ. ಹಿಂದೆ ಒಂದು ಕಾರ್ಖಾನೆಗೆ ಮಾಡಿದ ರ್ಯಾಕಿನಲ್ಲಿ ಬ್ಯಾಟರಿ ಮುಟ್ಟಲು 14 ಬೋಲ್ಟ್ ಬಿಚ್ಚಬೇಕಿತ್ತು. ಆರು ತಿಂಗಳಾದ ಮೇಲೆ ಹೋಗಿ ನೋಡಿದರೆ ನಾಲ್ಕೇ ಉಳಿದಿದ್ದವು. ರಾತ್ರಿ ಪಾಳಿಯಲ್ಲಿ ಒಬ್ಬನೇ ಟೆಕ್ನಿಷಿಯನ್ ನಿಂತು ಎಲ್ಲ ಬಿಗಿಯಲಿ ಎಂದು ಕಾಯುವುದು ನ್ಯಾಯವಲ್ಲ. ಈಗ ನಾನು ಬ್ಯಾಟರಿ ಕಡೆಗೆ ಹಿಂಜ್ ಬಾಗಿಲು ಇಡುತ್ತೇನೆ. ಇಡೀ ರ್ಯಾಕ್ ನಾಲ್ಕು ಬೋಲ್ಟಿಗೆ ಬಿಡುಗಡೆಯಾಗಬೇಕು, ಜಾಗ ತಪ್ಪದಂತೆ ಎರಡು ಡೋವೆಲ್ ಪಿನ್, ಕೇಬಲ್‌ಗೆ ಒಂದೇ ಕನೆಕ್ಟರ್. ಟಿ-ನಟ್‌ಗಳು (ಪ್ರೊಫೈಲಿನ ಸೀಳಿನಲ್ಲಿ ಕೂರುವ ನಟ್) ಅದುರಾಟಕ್ಕೆ ಸಡಿಲವಾಗುತ್ತವೆ. ಹಾಗಾಗಿ ಬುಡದಲ್ಲಿ ಈ ಬದಿಯಿಂದ ಆ ಬದಿಗೆ ತೂರಿಹೋಗುವ ಬೋಲ್ಟ್, ಪದೇ ಪದೇ ಬಿಚ್ಚುವ ಕಡೆ ಅಲ್ಯುಮಿನಿಯಂನಲ್ಲಿ ಸ್ಟೀಲ್ ಇನ್ಸರ್ಟ್. ಬಿಗಿದ ಮೇಲೆ ಬೋಲ್ಟಿನ ತಲೆಯಿಂದ ಪ್ಲೇಟಿಗೆ ಪೇಂಟ್ ಗೆರೆ ಎಳೆಯಿರಿ, ಸಡಿಲವಾದರೆ ಗೆರೆ ಮುರಿದು ಕಾಣುತ್ತದೆ. ಬೋಲ್ಟ್ ಸಡಿಲವಾಗದಂತೆ ಹಚ್ಚುವ ಅಂಟು ಲಾಕ್‌ಟೈಟ್ 243 ಸಾಕು, ಅದು ಮಾಮೂಲಿ ಸ್ಪ್ಯಾನರಿಗೆ ಬಿಡುತ್ತದೆ. 270 ಹಾಕಿದರೆ ಬಿಚ್ಚಲು ಬಿಸಿ ಮಾಡಬೇಕಾಗುತ್ತದೆ.

ಚಾಲಕನಿಲ್ಲದ ಗಾಡಿಗಳಿಗೆ ಐಎಸ್‌ಒ 3691-4 ಇದೆ. ರ್ಯಾಕ್ ಬದಲಾದರೆ ಅಪಾಯದ ಲೆಕ್ಕವನ್ನೂ ಹೊಸದಾಗಿ ಮಾಡಬೇಕು. ಮೊದಲು ಮರಳುಚೀಲ ತುಂಬಿ, ಖಾಲಿ ಜಾಗದಲ್ಲಿ, ಕಡಿಮೆ ವೇಗದಿಂದ ಶುರುಮಾಡಿ ಎಮರ್ಜೆನ್ಸಿ ಸ್ಟಾಪ್ ಒತ್ತುತ್ತಾ ಹೋಗಿ. ಹಿಂದಿನ ಚಕ್ರದ ಪಕ್ಕ ಫೋನ್ ಇಟ್ಟು ಸ್ಲೋ ಮೋಷನ್ ವಿಡಿಯೋ ತೆಗೆಯಿರಿ. ಸಿಜಿ ಎತ್ತರ, ಕ್ಯಾಸ್ಟರ್ ಅಂತರ, ನಿಲ್ಲುವ ದೂರ ಇಲ್ಲಿ ಬರೆದರೆ ನಾನೂ ಲೆಕ್ಕ ನೋಡುತ್ತೇನೆ.