ಅಂತಾರಾಷ್ಟ್ರೀಯ ಅಪರಾಧ ನ್ಯಾಯಾಲಯ ಗಲ್ಲು ಶಿಕ್ಷೆ ಕೊಡಬಹುದೇ?

ಇಲ್ಲ. ಹೇಗ್‌ನಲ್ಲಿರುವ ಈ ಕೋರ್ಟು ನಡೆಯುವುದು ರೋಮ್ ಒಪ್ಪಂದದ ಮೇಲೆ. ಅದರಲ್ಲಿ ಗಲ್ಲು ಇಲ್ಲವೇ ಇಲ್ಲ. ಹೆಚ್ಚೆಂದರೆ 30 ವರ್ಷ ಜೈಲು. ಅಪರಾಧ ತೀರಾ ಘೋರವಾಗಿದ್ದರೆ ಮಾತ್ರ ಜೀವಾವಧಿ.

ಆದರೆ ಎಷ್ಟು ವರ್ಷ ಅಂತ ತೀರ್ಮಾನಿಸುವುದೇ ಕಷ್ಟ. ಉಗಾಂಡಾದ ಬಂಡುಕೋರ ಪಡೆಯೊಂದರ ಕಮಾಂಡರ್ ಆಗಿದ್ದ ಡೊಮಿನಿಕ್ ಓಂಗ್ವೆನ್‌ನನ್ನು ನೋಡಿ. ಕೊಲೆ, ಅತ್ಯಾಚಾರ, ಮಕ್ಕಳ ಕೈಗೆ ಬಂದೂಕು ಕೊಟ್ಟಿದ್ದು, ಹೀಗೆ 61 ಅಪರಾಧ ಸಾಬೀತಾದವು. ಅವನನ್ನೂ ಚಿಕ್ಕಂದಿನಲ್ಲಿ, ಶಾಲೆಗೆ ಹೋಗುವ ದಾರಿಯಲ್ಲಿ, ಅದೇ ಬಂಡುಕೋರರು ಹೊತ್ತೊಯ್ದಿದ್ದರು. ಅದನ್ನು ಲೆಕ್ಕಕ್ಕೆ ತೆಗೆದುಕೊಂಡೇ 2021ರಲ್ಲಿ 25 ವರ್ಷ ವಿಧಿಸಿದರು. ನನಗಿದು ಸರಿ ಅನ್ನಿಸುತ್ತದೆ. ಹಾಗಂತ, ನೊಂದವರು ಇನ್ನೂ ಜಾಸ್ತಿ ಶಿಕ್ಷೆ ಕೇಳಿದರೆ ತಪ್ಪು ಅನ್ನಲಾರೆ.

ಶಿಕ್ಷೆ ಅನುಭವಿಸಲು ಕೋರ್ಟಿಗೆ ಸ್ವಂತ ಜೈಲಿಲ್ಲ. ಒಪ್ಪಿದ ದೇಶಕ್ಕೆ ಕಳಿಸುತ್ತಾರೆ. ಓಂಗ್ವೆನ್ ಹೋಗಿದ್ದು ನಾರ್ವೆಗೆ.