ಹಳೇ ಜಾಝ್ ಬೇಸ್ ಮತ್ತೆ ಬರುತ್ತಾ? ಕಾಯಬೇಕಾ, ಕೊಳ್ಳಬೇಕಾ?

ಪ್ರಶ್ನೆ: ನಾನು ಸಾಗರದವನು. ರಸಮಂಜರಿ ಕಾರ್ಯಕ್ರಮಗಳಲ್ಲಿ ಬೇಸ್ ಗಿಟಾರ್ ನುಡಿಸುತ್ತೇನೆ. 60ರ ದಶಕದಲ್ಲಿ ಫೆಂಡರ್ ಕಂಪನಿ ಮಾಡಿದ ಜಾಝ್ ಬೇಸ್ ಮಾದರಿ ಅಂದ್ರೆ ನನಗೆ ಪ್ರಾಣ. ಹಳೆಯದನ್ನು ಕೊಳ್ಳುವ ಶಕ್ತಿ ಇಲ್ಲ. ಕಂಪನಿಯವರು ಅದನ್ನೇ ಹಾಗೇ ಮತ್ತೆ ಮಾಡುತ್ತಾರೆ ಅಂತ ದುಡ್ಡು ಕೂಡಿಡುತ್ತಾ ಕಾಯುತ್ತಿದ್ದೇನೆ. ಕಾಯೋದು ಸರಿನಾ ಸರ್?

ಉತ್ತರ: ರಸಮಂಜರಿ ವೇದಿಕೆಗಳಲ್ಲಿ ಬೇಸನ್ನು ಕೀಬೋರ್ಡಿನವರ ಎಡಗೈಗೆ ಬಿಟ್ಟುಬಿಡುವುದೇ ಈಗ ಜಾಸ್ತಿ. ನೀವಿನ್ನೂ ತಂತಿ ಮೀಟುತ್ತಿದ್ದೀರಿ ಅನ್ನೋದೇ ನನಗೆ ದೊಡ್ಡ ಖುಷಿ. ಆದರೆ ಕಾಯಬೇಡಿ. ನೀವು ಕಾಯುತ್ತಿರುವುದು ಬಹುಪಾಲು ಈಗಾಗಲೇ ಬಂದಾಗಿದೆ. ಬರದೆ ಉಳಿದ ಸ್ವಲ್ಪ ಭಾಗ ಇನ್ನು ಬರುವುದು ಕಷ್ಟ.

ಲಿಯೋ ಫೆಂಡರ್ 1951ರಲ್ಲಿ ಪ್ರಿಸಿಷನ್ ಬೇಸ್ ತಂದರು, 1960ರಲ್ಲಿ ಜಾಝ್ ಬೇಸ್. 1965ರ ಜನವರಿಯಲ್ಲಿ ಕಂಪನಿ ಅಮೆರಿಕದ ಪ್ರಸಾರ ಸಂಸ್ಥೆ ಸಿಬಿಎಸ್ ಕೈಗೆ ಹೋಯಿತು. ಅಲ್ಲಿಂದ ಕೆಲಸದ ಮಟ್ಟ ಇಳಿಯಿತು ಎಂದು ಬಹಳಷ್ಟು ವಾದಕರು ನಂಬುತ್ತಾರೆ. 'ಸಿಬಿಎಸ್‌ಗಿಂತ ಮುಂಚಿನದು' ಎಂಬ ಮಾತಿಗೆ ಇವತ್ತಿಗೂ ಬೆಲೆ ಇರುವುದು ಅದಕ್ಕೇ. ಜನ ಹಳೆಯದನ್ನೇ ಹುಡುಕುವುದನ್ನು ನೋಡಿ ಫೆಂಡರ್ 1982ರಲ್ಲಿ ತಾನೇ ಹಳೆಯ ಮಾದರಿಗಳ ರೀಇಶ್ಯೂ, ಅಂದರೆ ಮರುತಯಾರಿ, ಶುರು ಮಾಡಿತು. 1957 ಮತ್ತು 1962ರ ಪ್ರಿಸಿಷನ್, 1962ರ ಜಾಝ್ ಬೇಸ್ ಹೀಗೆ ಮತ್ತೆ ಬಂದವು. ಅದೇ ವರ್ಷ ಜಪಾನಿನಲ್ಲೂ ಹಳೆಯ ಮಾದರಿಗಳ ತಯಾರಿಕೆ ಶುರುವಾಯಿತು. 2022ರಲ್ಲಿ ಬಂದ ಅಮೆರಿಕನ್ ವಿಂಟೇಜ್ 2 ಸಾಲಿನಲ್ಲಿ 1966ರ ಜಾಝ್ ಬೇಸ್ ಇದೆ. ಅದಕ್ಕಿಂತ ಕಡಿಮೆ ಬೆಲೆಗೆ ಫೆಂಡರ್ ಮೆಕ್ಸಿಕೋದಲ್ಲಿ ಮಾಡುವ ವಿಂಟೆರಾ ಸಾಲು, ಇನ್ನೂ ಕೆಳಗೆ ಫೆಂಡರಿನದೇ ಅಗ್ಗದ ಬ್ರಾಂಡ್ ಸ್ಕ್ವಯರಿನ ಕ್ಲಾಸಿಕ್ ವೈಬ್ ಸಾಲು.

ಹಾಗಾದರೆ ಬರದೆ ಉಳಿದದ್ದೇನು? ಮುಖ್ಯವಾಗಿ ಮರ. 60ರ ದಶಕದ ಮೊದಲ ವರ್ಷಗಳ ಫಿಂಗರ್‌ಬೋರ್ಡು, ಅಂದರೆ ತಂತಿಯನ್ನು ಬೆರಳಿಂದ ಒತ್ತುವ ಮರದ ಪಟ್ಟಿ, ಬ್ರೆಜಿಲಿನ ರೋಸ್‌ವುಡ್‌ನದು. 1992ರಿಂದ ಅದು ಅಪಾಯದಲ್ಲಿರುವ ಗಿಡ, ಪ್ರಾಣಿಗಳ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದದ ಅತಿ ಬಿಗಿಯಾದ ಪಟ್ಟಿಯಲ್ಲಿದೆ. ಸಾಮಾನ್ಯ ಬೆಲೆಯ ಗಿಟಾರಿಗೆ ಆ ಮರ ಹಾಕುವ ಮಾತೇ ಇಲ್ಲ. ಫೆಂಡರ್ ಅದರ ಬದಲಿಗೆ ಹಿಡಿದದ್ದು ಯಾವ ಮರ ಗೊತ್ತಾ? ಇಂಡಿಯನ್ ರೋಸ್‌ವುಡ್, ಅಂದರೆ ನಮ್ಮ ಬೀಟೆ. ನಿಮ್ಮ ಸಾಗರದ ಹಳೇ ಮನೆಗಳ ಮಂಚ, ಪೆಟ್ಟಿಗೆಗಳಲ್ಲಿ ನೀವು ನೋಡಿರುವ ಅದೇ ಕಪ್ಪು ಮಿಶ್ರಿತ ಕಂದು ಮರ. 2017ರಲ್ಲಿ ಈ ಜಾತಿಯ ಎಲ್ಲ ಮರಗಳನ್ನು ದೇಶದಿಂದ ದೇಶಕ್ಕೆ ಸಾಗಿಸಲೂ ಕಾಗದಪತ್ರ ಕಡ್ಡಾಯವಾದ ಮೇಲೆ ವಿಂಟೆರಾದಂಥ ಗಿಟಾರುಗಳಿಗೆ ಪಾವ್ ಫೆರೋ ಎಂಬ ಬೇರೆ ಮರ ಬಂತು. 2019ರ ಕೊನೆಯಲ್ಲಿ ತಯಾರಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. 2023ರ ವಿಂಟೆರಾ 2ರಲ್ಲಿ ರೋಸ್‌ವುಡ್ ವಾಪಸ್ ಬಂದಿದೆ. ನಮ್ಮ ಕಾಡಿನ ಮರ ಕೀಳು, ಬ್ರೆಜಿಲಿನದು ಮೇಲು ಎಂಬ ಮಾತನ್ನು ನಾನಂತೂ ಒಪ್ಪುವುದಿಲ್ಲ. ಬೀಟೆ ಹಾಕಿದ ಒಳ್ಳೆಯ ಬೇಸುಗಳ ನಾದದಲ್ಲಿ ನನಗೆ ಯಾವ ಕೊರತೆಯೂ ಕೇಳಿಲ್ಲ.

ಇನ್ನೊಂದು ವಿಷಯ. ನಿಮ್ಮ ಕಿವಿಯಲ್ಲಿ ಕೂತಿರುವ ಆ ಹಳೆಯ ನಾದದಲ್ಲಿ ಗಿಟಾರಿನಷ್ಟೇ ಪಾಲು ತಂತಿಯದು. ಅಮೆರಿಕದ ಡೆಟ್ರಾಯ್ಟಿನ ಮೋಟೌನ್ ರೆಕಾರ್ಡ್ ಕಂಪನಿಯ ಹಾಡುಗಳಿಗೆ ಬೇಸ್ ನುಡಿಸಿದ ಜೇಮ್ಸ್ ಜೇಮರ್ಸನ್ ಅವರ ಪ್ರಿಸಿಷನ್ ಬೇಸಿನಲ್ಲಿ ಇದ್ದದ್ದು ನುಣುಪಾದ ಫ್ಲ್ಯಾಟ್‌ವೌಂಡ್ ತಂತಿ, ಬಾಡಿಯ ಮೇಲೆ ತಂತಿಗಳು ಕೂರುವ ಬ್ರಿಡ್ಜಿನ ಬಳಿ ಒಂದು ಸ್ಪಂಜಿನ ತುಂಡು. ತಂತಿ ಹರಿಯದ ಹೊರತು ಅವರು ಬದಲಾಯಿಸುತ್ತಿರಲಿಲ್ಲ. ನೀವೂ ಮೊದಲು ಈಗಿರುವ ಬೇಸ್ ಗಿಟಾರಿಗೆ ಒಂದು ಸೆಟ್ ಫ್ಲ್ಯಾಟ್‌ವೌಂಡ್ ಹಾಕಿ. ಬ್ರಿಡ್ಜಿನ ಹತ್ತಿರ ತಂತಿಯ ಕೆಳಗೆ ತೆಳ್ಳಗಿನ ಸ್ಪಂಜು ಸಿಕ್ಕಿಸಿ. ಒಂದು ಕಾರ್ಯಕ್ರಮ ನುಡಿಸಿ ನೋಡಿ.

ಅದಾದ ಮೇಲೂ ಜಾಝ್ ಬೇಸೇ ಬೇಕು ಅನಿಸಿದರೆ ಕ್ಲಾಸಿಕ್ ವೈಬ್ ಸಾಲಿನ 60ರ ದಶಕದ ಮಾದರಿ ಕೊಳ್ಳಿ. ತಲೆಯ ಕಡೆಯ ತುದಿಯಲ್ಲಿ (ನಟ್ ಹತ್ತಿರ) ಒಂದೂವರೆ ಇಂಚು ಅಗಲದ ಆ ಸಣ್ಣ ನೆಕ್ (ಗಿಟಾರಿನ ಕುತ್ತಿಗೆ), ತಂತಿಯ ಸದ್ದು ಹಿಡಿಯುವ ಎರಡು ಪಿಕಪ್, ಎಲ್ಲ ಅದರಲ್ಲಿದೆ. ಎರಡೂ ಪಿಕಪ್ಪಿನ ವಾಲ್ಯೂಮ್ ಪೂರ್ತಿ ಇಟ್ಟರೆ 'ಗುಂಯ್' ಸದ್ದು ಹೋಗುತ್ತದೆ. ಮಾರಿಕಾಂಬ ಜಾತ್ರೆಯ ಸೀರಿಯಲ್ ಲೈಟು, ಜನರೇಟರ್ ನಡುವೆ ನುಡಿಸುವವರಿಗೆ ಇದು ಎಷ್ಟು ಬೇಕು ಅಂತ ನಿಮಗೇ ಗೊತ್ತು. ಉಳಿದ ದುಡ್ಡಿಗೆ ಬೇಸಿನ ಸಿಗ್ನಲನ್ನು ನೇರ ಮಿಕ್ಸರಿಗೆ ಕಳಿಸುವ ಒಳ್ಳೆಯ ಡಿಐ ಬಾಕ್ಸ್ ತಗೊಳ್ಳಿ. ಸಾವಿರಾರು ಜನ ಕೇಳುವುದು ಮಿಕ್ಸರಿನಿಂದ ಬಂದ ಸದ್ದನ್ನು. ಅಲ್ಲಿ ಸಿಗ್ನಲ್ ಸರಿಯಾಗಿ ಹೋಗದಿದ್ದರೆ ಯಾವ ವರ್ಷದ ಬೇಸ್ ಇದ್ದೂ ಪ್ರಯೋಜನ ಇಲ್ಲ.

ಪ್ರಶ್ನೆ: ನಮ್ಮದು ತೀರ್ಥಹಳ್ಳಿ. ಮಗ 1957ರ ಪ್ರಿಸಿಷನ್ ಬೇಸಿನ ರೀಇಶ್ಯೂ ತಂದಿದ್ದಾನೆ. ಮಳೆಗಾಲ ಬಂತೆಂದರೆ ನೆಕ್ ಬಾಗುತ್ತದೆ. ರಿಪೇರಿಯವರು ನೆಕ್ಕನ್ನೇ ಬಿಚ್ಚಬೇಕು ಅನ್ನುತ್ತಾರೆ. ಇಷ್ಟು ದುಬಾರಿ ವಸ್ತು, ಬಿಚ್ಚಲು ಕೊಡಬಹುದಾ?

ಉತ್ತರ: ಕೊಡಬಹುದು ಮೇಡಂ, ಅವರು ಹೇಳಿದ್ದು ನಿಜ. ನೆಕ್ಕಿನೊಳಗೆ ಅದರ ಬಾಗು ಸರಿಪಡಿಸುವ ಟ್ರಸ್ ರಾಡ್ ಎಂಬ ಲೋಹದ ಕಂಬಿ ಇರುತ್ತದೆ. ಹಳೆಯ ಫೆಂಡರ್‌ಗಳಲ್ಲಿ ಅದರ ತಿರುಪು ನೆಕ್ಕಿನ ಬುಡದಲ್ಲಿ ಇರುತ್ತಿತ್ತು, ನೆಕ್ ಬಿಚ್ಚಿದರೇ ಸರಿಯಾಗಿ ಕೈಗೆ ಸಿಗುವುದು. ಹಳೆಯದರಂತೆಯೇ ಇರಬೇಕು ಎಂದು ರೀಇಶ್ಯೂಗಳಲ್ಲೂ ಅಲ್ಲೇ ಇಡುತ್ತಾರೆ. ನನ್ನ ಪ್ರಕಾರ ಮಲೆನಾಡಿನಲ್ಲಿ ನುಡಿಸುವವರು ರೀಇಶ್ಯೂ ಕೊಳ್ಳುವ ಮೊದಲು ಕೇಳಬೇಕಾದ ಮೊದಲ ಪ್ರಶ್ನೆಯೇ ಇದು. ಆಗುಂಬೆ ಕಡೆ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಜಾಸ್ತಿ ಮಳೆ. ಅಂಥ ಕಡೆ ಮರ ತೇವ ಹೀರಿ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ತಲೆಯ ಕಡೆಯಿಂದಲೇ ತಿರುಗಿಸುವ ರಾಡ್ ಇದ್ದರೆ ಈ ಕೆಲಸ ಎರಡು ನಿಮಿಷದ್ದು.

ಬಿಚ್ಚುವ ಮೊದಲು ಮಗನೇ ಒಮ್ಮೆ ನೋಡಲಿ. ಶ್ರುತಿ ಮಾಡಿ, ಒಂದೇ ತಂತಿಯನ್ನು ಮೊದಲ ಫ್ರೆಟ್ಟಿನಲ್ಲೂ (ಫಿಂಗರ್‌ಬೋರ್ಡಿನ ಮೇಲಿನ ಲೋಹದ ಅಡ್ಡಪಟ್ಟಿ) ಕೊನೆಯ ಫ್ರೆಟ್ಟಿನಲ್ಲೂ ಒತ್ತಿ ಹಿಡಿಯಬೇಕು. ಏಳು, ಎಂಟನೇ ಫ್ರೆಟ್ಟಿನ ಹತ್ತಿರ ತಂತಿಗೂ ಫ್ರೆಟ್ಟಿಗೂ ನಡುವೆ ಸುಮಾರು 0.3 ಮಿಲಿಮೀಟರ್ ಸಂದು ಇದ್ದರೆ ಸರಿಯಾಗಿದೆ, ಕೈ ಹಾಕುವುದೇ ಬೇಡ. ಸಂದು ಜಾಸ್ತಿ ಇದ್ದರೆ ರಾಡ್ ಬಿಗಿ ಮಾಡಬೇಕು. ಸಂದೇ ಇಲ್ಲದಿದ್ದರೆ ಸಡಿಲ ಮಾಡಬೇಕು. ಒಂದು ಸಲಕ್ಕೆ ಕಾಲು ಸುತ್ತಿಗಿಂತ ಜಾಸ್ತಿ ಬೇಡ.

ಗಿಟಾರನ್ನು ಹೊರಗೋಡೆಗೆ ತಾಗಿಸಿ ಇಡಬೇಡಿ, ಒಲೆಯ ಮೇಲಿನ ಅಟ್ಟದಲ್ಲಂತೂ ಬೇಡವೇ ಬೇಡ. ಗಟ್ಟಿ ಕೇಸಿನೊಳಗೆ ಸಿಲಿಕಾ ಜೆಲ್ ಹಾಕಿಡಿ, ಜೊತೆಗೆ ತೇವ ತೋರಿಸುವ ಸಣ್ಣ ಮೀಟರ್ ಇರಲಿ. ನೂರಕ್ಕೆ 45ರಿಂದ 55ರ ಒಳಗಿದ್ದರೆ ಒಳ್ಳೆಯದು. ಹಳೆಯ ರೀತಿಯ ನೈಟ್ರೋ ಲ್ಯಾಕರ್ ಹಚ್ಚಿದ್ದಾದರೆ ರಬ್ಬರಿನ ಸ್ಟ್ಯಾಂಡಿಗೆ ಒರಗಿಸಲೇಬೇಡಿ. ರಬ್ಬರ್ ತಾಗಿದ ಕಡೆ ಲ್ಯಾಕರ್ ಮೆತ್ತಗಾಗಿ ಗುರುತು ಬೀಳುತ್ತದೆ.

ಪ್ರಶ್ನೆ: ಶಿವಮೊಗ್ಗದಲ್ಲಿ ಓದುತ್ತಿದ್ದೇನೆ. ರಿಕನ್‌ಬ್ಯಾಕರ್ ಕಂಪನಿಯ ಹಳೆಯ 4001 ಬೇಸ್ ಮತ್ತೆ ಬರುವ ಆಸೆ ಇದೆ. ಅಷ್ಟರಲ್ಲಿ ಆನ್‌ಲೈನಿನಲ್ಲಿ ಅದೇ ಹೆಸರು, ಅದೇ ಆಕಾರದ ಒಂದು ಬೇಸ್ ಅಗ್ಗಕ್ಕೆ ಸಿಗ್ತಾ ಇದೆ. ತಗೊಳ್ಳಲಾ?

ಉತ್ತರ: ಬೇಡ. ಆ ಕಂಪನಿ ತನ್ನ ಗಿಟಾರಿನ ಆಕಾರವನ್ನೇ ಟ್ರೇಡ್‌ಮಾರ್ಕ್ ಮಾಡಿಕೊಂಡಿದೆ. ಬೇರೆಯವರು ಅದೇ ಹೆಸರಲ್ಲಿ ಅಗ್ಗಕ್ಕೆ ಮಾರುತ್ತಿದ್ದರೆ ಅದು ನಕಲಿ. 4001ರ ಹಳೆಯ ಟ್ರಸ್ ರಾಡುಗಳೂ ಕಷ್ಟದವು. ನೆಕ್ಕನ್ನು ಮೊದಲು ಕೈಯಿಂದ ಸರಿಯಾದ ಬಾಗಿಗೆ ತಂದು ಹಿಡಿದು, ಆಮೇಲೆ ತಿರುಪು ಬಿಗಿ ಮಾಡಬೇಕು. ಬರೀ ತಿರುಪಿನ ಬಲದಿಂದಲೇ ಎಳೆದರೆ ಫಿಂಗರ್‌ಬೋರ್ಡ್ ಕಿತ್ತು ಬರುವ ಅಪಾಯ ಇದೆ. ಅದರ ನಂತರದ ಮಾದರಿ 4003ರಲ್ಲಿ ಆ ರಾಡನ್ನು ಬದಲಾಯಿಸಿದ್ದಾರೆ. ರಿಕನ್‌ಬ್ಯಾಕರ್ ಮೇಲೆ ನಿಜವಾಗಿ ಮನಸ್ಸಿದ್ದರೆ ಕೆಲಸ ಸಿಕ್ಕ ಮೇಲೆ ಒಂದು ಬಳಸಿದ 4003 ಹುಡುಕಿ. ಮಾರುವವರ ಹತ್ತಿರ ಸೀರಿಯಲ್ ನಂಬರ್ ಕೇಳಿ, ದುಡ್ಡು ಕೊಡುವ ಮೊದಲು ಅದನ್ನು ಕಂಪನಿಗೆ ಬರೆದು ವಿಚಾರಿಸಿ.