ರವೆ ಉದುರಿಸಿದಂಥ ಚುಕ್ಕೆಗಳು

ಪ್ರಶ್ನೆ: ಭಾನುವಾರ ತಂದ ಗೋಲ್ಡ್‌ಫಿಶ್‌ನ ಬಾಲದ ಮೇಲೆ ಬಿಳಿ ಚುಕ್ಕೆಗಳೆದ್ದಿವೆ. ಕಲ್ಲಿಗೆ ಮೈ ಉಜ್ಜುತ್ತದೆ, ತಿನ್ನುವುದಿಲ್ಲ. ಮಗಳು ತೊಟ್ಟಿ ಬಿಟ್ಟು ಏಳುತ್ತಿಲ್ಲ. ಉಳಿಯುತ್ತದೆಯೇ?
– ಓದುಗರು, ದಾವಣಗೆರೆ

ಉತ್ತರ: ಉಳಿಯುವ ಸಾಧ್ಯತೆ ಚೆನ್ನಾಗಿಯೇ ಇದೆ, ಇಂದೇ ಶುರು ಮಾಡಿ. ಇದು ಬಿಳಿಚುಕ್ಕೆ ರೋಗದಂತೆ ಕಾಣುತ್ತದೆ. ನನ್ನ ಮೊದಲ ಮೀನಿನ ಮೈಮೇಲೂ ಹೀಗೆಯೇ ರವೆ ಉದುರಿಸಿದಂತಿತ್ತು. ರಾತ್ರಿಯೆಲ್ಲ ಟಾರ್ಚ್ ಹಿಡಿದು ಅದರ ಕಿವಿರು ಆಡುವುದನ್ನೇ ನೋಡುತ್ತಿದ್ದೆ. ಲೀಟರಿಗೆ 2 ಗ್ರಾಂನಂತೆ ಅಯೋಡಿನ್ ಇಲ್ಲದ ಕಲ್ಲುಪ್ಪನ್ನು ಕರಗಿಸಿ, ಎರಡು ದಿನಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಬೆರೆಸಿ. ದಿನವೂ ಕಾಲು ಭಾಗ ನೀರು ಬದಲಿಸಿ, ತೆಗೆದಷ್ಟು ನೀರಿಗೆ ತಕ್ಕ ಉಪ್ಪನ್ನಷ್ಟೇ ಸೇರಿಸಿ. ನಲ್ಲಿ ನೀರಾದರೆ ಕ್ಲೋರಿನ್ ತೆಗೆದಿರಬೇಕು. ಗಾಳಿಯ ಪಂಪ್ ನಿಲ್ಲಿಸಬೇಡಿ. ಚುಕ್ಕೆಯೊಳಗಿನ ಪರೋಪಜೀವಿಗೆ ಉಪ್ಪು ತಾಗುವುದಿಲ್ಲ, ಅದು ಮೀನಿನಿಂದ ಉದುರಿ ತೊಟ್ಟಿಯ ತಳದಲ್ಲಿ ಒಡೆದು, ಮರಿಗಳು ನೀರಿಗಿಳಿದಾಗ ಮಾತ್ರ ಸಾಯುತ್ತವೆ. ಆದ್ದರಿಂದ ಚುಕ್ಕೆ ಮಾಯವಾದರೂ ಒಂದು ವಾರ ಮುಂದುವರಿಸಿ.